ಅಳಿಯ ನೆಟ್ಟ ಸಸಿಗಳು

ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ. ನಮ್ಮ ಮಠದಲ್ಲಿ ಗುರುಗಳ ಮುಖ ನೋಡಿ ಪ್ರಶ್ನೆ ಹಾಕುವ ಗುಂಡಿಗೆ ಇದ್ದದ್ದು ನನಗೊಬ್ಬನಿಗೇ. ಕಾಡಿನ ನಡುವಿನ ಊರಲ್ಲಿ ಹುಟ್ಟಿದವನು ನಾನು. ಕೇಳಿಯೇ ಬಿಟ್ಟೆ:

“ಗುರುಗಳೇ, ಮಠದ ಮುಂದೆ ಇಷ್ಟು ದೊಡ್ಡ ಬಯಲು, ಒಂದು ಮರವಿಲ್ಲ. ಈ ಪಾಳು ನೆಲವನ್ನು ನೋಡಿಕೊಂಡು ಹೇಗಿದ್ದೀರಿ? ಅಪ್ಪಣೆ ಕೊಡಿ, ಕಾಡು ಮಾಡಿ ತೋರಿಸುತ್ತೇನೆ.”

ಗುರುಗಳು ಹೇಳಿದರು:

ಕಾಡಿನವನೊಬ್ಬ ಬಯಲುಸೀಮೆಯ ಕುರಿಗಾರನ ಮಗಳನ್ನು ಮದುವೆಯಾದ. ಮಾವನ ಊರಿಗೆ ಬಂದವನು ಕುರಿ ಮೇಯುವ ಕಾವಲನ್ನು ನೋಡಿದ. ಕಣ್ಣು ಹಾಯುವಷ್ಟೂ ಹುಲ್ಲು. ಅಯ್ಯೋ, ಹೆಂಡತಿಯ ತವರು ಇಷ್ಟು ಬರಿದೇ ಎಂದು ಮರುಗಿದ. ಮಳೆಗಾಲಕ್ಕೆ ಗಾಡಿಗಟ್ಟಲೆ ಸಸಿ ತಂದು ಕಾವಲಿನ ತುಂಬ ನೆಟ್ಟ.

ಕುರಿಗಾರನಿಗೆ ಅನ್ನ ಇಳಿಯಲಿಲ್ಲ. ಮರ ಬೆಳೆದರೆ ನೆರಳಿಗೆ ಹುಲ್ಲು ಸಾಯುತ್ತದೆ, ಹುಲ್ಲು ಸತ್ತರೆ ಹಿಂಡು ಸಾಯುತ್ತದೆ. ಕಿತ್ತು ಹಾಕೋಣವೆಂದರೆ ಅಳಿಯ ಕೈಯಾರೆ ನೆಟ್ಟದ್ದು. ಆ ಸೀಮೆಯಲ್ಲಿ ಅಳಿಯ ಕೊಟ್ಟದ್ದನ್ನು ತಳ್ಳಿದರೆ ಮಗಳನ್ನೇ ತಳ್ಳಿದಂತೆ. ಅವನು ಹಿಂಡನ್ನು ಕಲ್ಲುಗುಡ್ಡದ ಕಡೆಗೆ ಹೊಡೆದುಕೊಂಡು ಹೋಗತೊಡಗಿದ. ಕುರಿಗಳು ಬಡಕಲಾದವು.

ಅದನ್ನು ನೋಡಿ ಅಳಿಯನಿಗೆ ಮರುಕವಾಯಿತು. ಮಾವ ಸಂತೆಗೆ ಹೋದ ದಿನ, ಪಾಪ, ಸಸಿಗಳ ನಡುವೆ ತಂಪಾಗಿರಲಿ ಎಂದು ಹಿಂಡನ್ನು ಕಾವಲಿಗೇ ಬಿಟ್ಟ. ಕಾಡಿನಲ್ಲಿ ಜಿಂಕೆಯೂ ಮೇಯುತ್ತದೆ, ಮರವೂ ಇರುತ್ತದೆ. ಅವನು ಕಂಡದ್ದು ಅಷ್ಟೇ. ಸಂಜೆಯ ಹೊತ್ತಿಗೆ ಬರೀ ಕಡ್ಡಿಗಳು ಉಳಿದಿದ್ದವು.

“ಮಾವ, ಎಲ್ಲ ತಿಂದುಬಿಟ್ಟವು!” ಎಂದು ಅಳಿಯ ಅತ್ತ.

ಕುರಿಗಾರ ಹೆಗಲ ಕಂಬಳಿ ಎಸೆದು, “ಬದುಕಿದೆನಪ್ಪಾ!” ಎಂದು ನಕ್ಕ.

“ನನ್ನ ಕಾಡು ಹೋಯಿತು, ನಿಮಗೆ ನಗುವೇ?”

“ಕೋಪ ಬೇಡ ಅಳಿಯಂದಿರೇ. ಮದುವೆಗೆ ನಿಮ್ಮೂರಿಗೆ ಬಂದಿದ್ದೆನಲ್ಲ, ಎಲ್ಲಿ ನೋಡಿದರೂ ಮರ. ಬೀಗರು ಆಕಾಶವೇ ಇಲ್ಲದೆ ಬಾಳುತ್ತಿದ್ದಾರಲ್ಲ, ಒಂದಷ್ಟು ಕಡಿದುಕೊಟ್ಟು ಹೋಗೋಣ ಎಂದು ನಾನೂ ಕೊಡಲಿ ಹುಡುಕಿದ್ದೆ. ನಿಮ್ಮತ್ತೆ ರಟ್ಟೆ ಹಿಡಿದು ಕೂರಿಸಿದಳು.”

ಅಳಿಯನಿಗೂ ನಗು ಬಂತು. ಬೆಳಗಾದ ಮೇಲೆ ಇಬ್ಬರೂ ಸೇರಿಯೇ ಹಿಂಡನ್ನು ಕಾವಲಿಗೆ ಹೊಡೆದರು.

ಕತೆ ಮುಗಿಯಿತು. ನಾನು ಸುಮ್ಮನಿರುವವನೇ?

“ಮಾವನೂ ದಡ್ಡ, ಅಳಿಯನೂ ದಡ್ಡ, ಗುರುಗಳೇ!”

ಗುರುಗಳು ಹೇಳಿದರು: “ಇಬ್ಬರಿಗೂ ಪ್ರೀತಿ ಇತ್ತು, ನೆಲವನ್ನು ಉಳಿಸಿದ್ದು ಕುರಿಗಳ ಹಸಿವು.”

ಮರುದಿನ ಮಠದ ಮುಂದಿನ ಆ ಬಯಲಲ್ಲೇ ಊರ ಕುರಿ ಕಾಯುವ ಕೆಲಸ ನನಗೆ ಕೊಟ್ಟರು.