ಚಿಪ್ಪಿನಲ್ಲಿ ಬಿತ್ತಿದ ಅವರೆಕಾಳು

“ಮತ್ತೆ ಎಬ್ಬಿಸಿದೆಯಾ? ಒಂದು ಬೇರು ಬಿಡುವಷ್ಟು ಹೊತ್ತೂ ಸುಮ್ಮನಿರಲಾರೆಯಾ?” ಎಂದು ತೆಂಗಿನ ಚಿಪ್ಪಿನ ಮಣ್ಣಿನಲ್ಲಿ ಬಿತ್ತಿದ್ದ ಅವರೆಕಾಳು ರೇಗಿತು.

ಅದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಿದ್ದ ಪುಟ್ಟ ಶೀಬಾ ಹೇಳಿದಳು: “ನೀನು ಬೆಳೀಲಿ ಅಂತ ಯೇಸಪ್ಪನಿಗೆ ಪ್ರಾರ್ಥನೆ ಮಾಡಿದ್ದೆ. ಅವನಿಗೆ ಕೇಳಿಸ್ತಾ ಅಂತ ನೋಡಿದೆ.”

“ಕೇಳಿಸಿದೆ. ಹೀಗೆ ದಿನಾ ಕಿತ್ತರೆ ಮಾತ್ರ ನಾನು ಸಾಯುತ್ತೇನೆ.”

ಮನೆಯಲ್ಲೇ ಮಗಳಿಗೆ ಪಾಠ ಹೇಳಿಕೊಡುವ ತಾಯಿ ಸುಗುಣ ಸೌಟು ಹಿಡಿದೇ ಓಡಿಬಂದಳು. “ದೇವರ ಕೈಗೆ ಕೊಟ್ಟ ಮೇಲೆ ನಿನಗೇನೇ ಅಲ್ಲಿ ಕೆಲಸ? ನಂಬಿಕೆ ಬೇಡ್ವಾ?” ಎಂದು ಗದರಿ, ಕಾಳನ್ನು ಮತ್ತೆ ಹೂತು, ಮಗಳನ್ನು ಮಲಗಿಸಿದಳು.

ಮಗು ನಿದ್ದೆಹೋಯಿತು, ತಾಯಿಗೆ ಸಮಾಧಾನವಿಲ್ಲ. ಇದು ಮೊಳೆಯದಿದ್ದರೆ ಮಗು ಇನ್ನೆಂದೂ ಪ್ರಾರ್ಥನೆ ಮಾಡದೆ ಹೋದರೆ? ಅಡುಗೆಗೆಂದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮೊಳಕೆಯೊಡೆದ ಅವರೆಕಾಳಿನಲ್ಲಿ ಒಳ್ಳೆಯದೊಂದನ್ನು ಆರಿಸಿ, ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು, ಚಿಪ್ಪಿನ ಮಣ್ಣು ಸರಿಸಿದಳು.

ಒಳಗಿದ್ದ ಕಾಳಿನಿಂದ ಬಿಳಿಯ ಎಳೆ ಬೇರೊಂದು ಆಗಲೇ ಇಣುಕಿತ್ತು. ಈ ಸಲ ಅದು ರೇಗಲಿಲ್ಲ.

“ಮಗುವಿಗೆ ನಂಬಿಕೆ ಬೇಡ್ವಾ ಅಂತ ಕೇಳಿದಿರಿ. ನಿಮ್ಮ ಮುಷ್ಟಿಯಲ್ಲಿ ಏನಿದೆ, ತಾಯಿ?”