ಅಳಿಯನ ನಕ್ಷೆ, ಅತ್ತೆಯ ನಕ್ಷೆ

“ನೀವು ತಲುಪಿದ್ದೀರಿ,” ಎಂದಿತು ಫೋನು.

ಫಕೀರೇಶ ತಲೆ ಎತ್ತಿ ನೋಡಿದ. ಎದುರಿಗೆ ಹೊಳೆ. ಹೊಳೆಯಲ್ಲಿ ಎರಡು ಬಾತುಕೋಳಿ. ಮನೆ ಇಲ್ಲ, ಬಾಗಿಲು ಇಲ್ಲ, ಮಲ್ಸುನ್ ಅಜ್ಜಿಯಂತೂ ಇಲ್ಲವೇ ಇಲ್ಲ.

ಒಂದು ಹೆಜ್ಜೆ ಹಿಂದೆ ಸರಿದ. ಫೋನು ಅದೇ ಅಕ್ಕರೆಯಿಂದ ಮತ್ತೊಮ್ಮೆ, “ನೀವು ತಲುಪಿದ್ದೀರಿ,” ಎಂದಿತು.

ಅಜ್ಜಿಗೆಂದು ತಂದ ಬುತ್ತಿಯ ಡಬ್ಬಿ ಕೈಯಲ್ಲೇ ತಣ್ಣಗಾಗಿತ್ತು. ಅದನ್ನು ಹಿಡಿದುಕೊಂಡು ಅವನು ಆಶ್ರಮದ ಕಡೆ ತಿರುಗಿದ.

ಆಶ್ರಮವೆಂದರೆ ಪರ್ಣಕುಟಿ, ಜಿಂಕೆಮರಿ ಎಂದೆಲ್ಲ ಅಂದುಕೊಳ್ಳಬೇಡಿ. ಕೊರಿಯಾ ದೇಶದ ಒಂದು ಸಣ್ಣ ಊರು, ಹೊಳೆಯ ದಂಡೆ, ದಂಡೆಯ ಮೇಲೆ ಮುಚ್ಚಿಹೋದ ಒಂದು ಸಾರ್ವಜನಿಕ ಸ್ನಾನದ ಮನೆ. ಎತ್ತರದ ಹೊಗೆಕೊಳವೆ ಇನ್ನೂ ನೆಟ್ಟಗೆ ನಿಂತಿತ್ತು. ಒಳಗೆ ನೀಲಿ ಟೈಲ್ಸಿನ ದೊಡ್ಡ ತೊಟ್ಟಿ. ನೀರಿಲ್ಲದ ಆ ತೊಟ್ಟಿಯ ನಡುವೆ ಚಾಪೆ ಹಾಸಿಕೊಂಡು ನೀಲವ್ವ ಕೂರುತ್ತಿದ್ದಳು. ಅವಳೇ ಗುರು, ಫಕೀರೇಶ ಶಿಷ್ಯ.

ಕಟ್ಟಡ ಮಲ್ಸುನ್ ಅಜ್ಜಿಯದು. ನವಲಗುಂದದ ಕಡೆಯ ನೀಲವ್ವನಿಗೂ ಆ ಅಜ್ಜಿಗೂ ಗುರುತಾದದ್ದು ಹೇಗೆಂದು ಕೇಳಿದರೆ, ನೀಲವ್ವ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಿದ್ದಳು. ಅಜ್ಜಿ ಎಂದೂ ಬಾಡಿಗೆಯ ಮಾತೆತ್ತಲಿಲ್ಲ. ಆಗಾಗ ಬಂದು, ತೊಟ್ಟಿಯ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು, ನೀಲವ್ವನ ಜೊತೆ ನಕ್ಕು ಹೋಗುತ್ತಿದ್ದಳು. ಈಗ ಮೊಣಕಾಲು ಸೋತು, ಊರಿನ ಆಚೆ ತುದಿಯಲ್ಲಿ ಮಗಳ ಮನೆ ಸೇರಿದ್ದಳು.

ಫಕೀರೇಶ ಒಳಗೆ ಬಂದ.

“ಕೊಟ್ಟು ಬಂದ್ಯೇನು?” ಎಂದಳು ನೀಲವ್ವ.

“ತಲುಪಿದ್ದೆ ರೀ ಅವ್ವಾರ. ಆದ್ರ ಅಲ್ಲಿ ಮನೀನ ಇರಲಿಲ್ಲ.”

“ತಲುಪೀದಿ ಅಂತ ಹೆಂಗ ಗೊತ್ತಾತು?”

“ಫೋನು ಹೇಳಿತ್ರಿ.”

“ಅಲ್ಲಿ ಯಾರಿದ್ರು?”

“ಎರಡು ಬಾತುಕೋಳಿ.”

“ಅವಕ್ಕಾದರೂ ಉಣಿಸಿ ಬರಬೇಕಿಲ್ಲೋ!” ಎಂದು ನೀಲವ್ವ ಡಬ್ಬಿ ಬಿಚ್ಚಿ ತಾನೇ ಊಟಕ್ಕೆ ಕೂತಳು.

ಅಷ್ಟರಲ್ಲಿ ಅವಳ ಫೋನು ಟಣ್ ಎಂದಿತು. ಅಜ್ಜಿಯ ಮಗಳ ಮೆಸೇಜು. ಎಲ್ಲವೂ ಆ ದೇಶದ ಲಿಪಿಯಲ್ಲಿ. ನೀಲವ್ವ ಎಡಗೈಯಲ್ಲಿ ಹಿಡಿದು ಸರಾಗವಾಗಿ ಓದಿ, ಕನ್ನಡದಲ್ಲಿ ಹೇಳಿದಳು: ಬರುವ ಭಾನುವಾರ ಅಮ್ಮನಿಗೆ ಎಂಬತ್ತು ತುಂಬುತ್ತದೆ. ಮಧ್ಯಾಹ್ನ ಊಟಕ್ಕೆ ಬನ್ನಿ. ನೀಲವ್ವನ ಹೋಳಿಗೆ ಬರುವ ತನಕ ಚಮಚ ಮುಟ್ಟುವುದಿಲ್ಲ ಎಂದು ಅಮ್ಮ ಈಗಲೇ ಹಟ ಹಿಡಿದಿದ್ದಾಳೆ.

“ಕೇಳಿದ್ಯಾ? ಈ ಮಂದಿಯೊಳಗ ಹಿರಿಯರು ಚಮಚ ಎತ್ತೂತನಕ ಉಳಿದವರು ಎತ್ತೂದಿಲ್ಲ. ದಾರಿ ತಪ್ಪಿದಿ ಅಂದ್ರ ಮುದುಕಿ ಉಪವಾಸ. ಆಕಿ ಹಿಂದ ಮಕ್ಕಳು, ಮೊಮ್ಮಕ್ಕಳು, ಬೀಗರು, ಎಲ್ಲಾರೂ ಉಪವಾಸ.”

ಫಕೀರೇಶ ಅವಳ ಹತ್ತಿರ ಸರಿದು ಕೂತ. “ನೀವೂ ಬರ್ರಿ ಅವ್ವಾರ.”

“ಬಸ್ಸಿನಾಗ ನನಗ ಹೊಟ್ಟಿ ತೊಳಸ್ತೈತಿ. ಹೋಳಿಗಿ ಮಾಡೂದು ನಂದು, ಮುಟ್ಟಿಸೂದು ನಿಂದು.”

ಅವತ್ತಿನಿಂದ ಫಕೀರೇಶನ ಧ್ಯಾನವೆಲ್ಲ ಫೋನಿನ ಮೇಲೆ. ಸಿಕ್ಕ ಸಿಕ್ಕ ಮ್ಯಾಪ್ ಆ್ಯಪ್‌ಗಳನ್ನೆಲ್ಲ ಇಳಿಸಿಕೊಂಡ. ಪರದೇಶದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, “ಇಲ್ಲಿ ಯಾವ ಮ್ಯಾಪ್ ನಂಬಬಹುದು?” ಎಂದು ಕೇಳಿದ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ನಡುವೆ ಒಬ್ಬರು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದರು.

ಒಂದೊಂದನ್ನೇ ತೆಗೆದುಹಾಕುತ್ತ ಕೊನೆಗೆ ಎರಡು ಉಳಿದವು. ಫೋನು ಹಿಡಿದು ತೊಟ್ಟಿಗೆ ಇಳಿದ.

“ಅವ್ವಾರ, ಒಂದು ಕನ್ನಡ ಮಾತಾಡ್ತೈತ್ರಿ. ‘ದಯವಿಟ್ಟು ಎಡಕ್ಕೆ ತಿರುಗಿ’ ಅಂತೈತಿ. ಕೇಳಿದ್ರ ಕಣ್ಣಾಗ ನೀರು ಬರಬೇಕು. ಆದ್ರ ಅದಕ್ಕ ಈ ಊರಿನ ಓಣಿ ಗೊತ್ತಿಲ್ಲ.”

“ಇನ್ನೊಂದು?”

“ಅದು ಇಲ್ಲೀವರ ಮಾಡಿದ್ದು. ಓಣಿ, ಸಂದಿ, ಬಸ್ಸು ಎಲ್ಲಿ ಬಂದೈತಿ, ಯಾವ ಬಾಗಿಲದಾಗ ಹೋಗಬೇಕು, ಎಲ್ಲಾ ಗೊತ್ತೈತಿ. ಆದ್ರ ಮಾತು ತಿಳಿಯೂದಿಲ್ಲ. ನೋಡಿದ್ರ ಬರೇ ಕಡ್ಡಿ, ಸೊನ್ನಿ. ಯಾವದನ್ನ ನಂಬಲಿ?”

“ಮೊದಲನೇದು ಅಳಿಯ. ಎರಡನೇದು ಅತ್ತಿ.”

“ಹಂಗಂದ್ರ?”

“ಅಳಿಯಗ ಬಾಯಿ ತುಂಬ ಮಾತು. ಅಡಿಗಿಮನ್ಯಾಗ ಉಪ್ಪು ಎಲ್ಲೈತಿ ಅಂತ ಕೇಳು, ಗೊತ್ತಿರೂದಿಲ್ಲ. ಅತ್ತಿಗ ಸಾಸಿವಿ ಡಬ್ಬಿತನಕ ಎಲ್ಲಾ ಗೊತ್ತು. ಆದ್ರ ನಿನ್ನ ಕೂಡ ಮಾತಿಲ್ಲ.” ನೀಲವ್ವ ಹತ್ತಿರ ಸರಿದಳು. “ಇಬ್ಬರನ್ನೂ ಒಂದ ಮಾತು ಕೇಳು. ನಾವೀಗ ಎಲ್ಲಿ ಕುಂತೀವಿ?”

ಫಕೀರೇಶ ಅಳಿಯನನ್ನು ಕೇಳಿದ. ಅಳಿಯ ಬಲು ಉತ್ಸಾಹದಿಂದ ಆಶ್ರಮವನ್ನು ತೋರಿಸಿದ. ಹೊಳೆಯ ನಟ್ಟನಡುವೆ.

ನೀಲವ್ವ ಸೀರೆಯ ನೆರಿಗೆ ಎತ್ತಿಕೊಂಡು, ಪಾದ ಮೇಲೆ ಮಾಡಿ ಕೂತಳು. “ಅಯ್ಯೋ, ಮುಳುಗಿ ಇಷ್ಟು ದಿನ ಆತು, ಒಬ್ಬರೂ ಹೇಳಲಿಲ್ಲಲ್ಲೋ!”

ಅತ್ತೆಯನ್ನು ಕೇಳಿದ. ಅತ್ತೆ ಹೊಗೆಕೊಳವೆ ತೋರಿಸಿದಳು, ಮುಂದಿನ ಬಾಗಿಲು ತೋರಿಸಿದಳು, ಹಿಂದೆ ಕಟ್ಟಿಗೆ ಇಳಿಸುತ್ತಿದ್ದ ಸಣ್ಣ ಬಾಗಿಲನ್ನೂ ಬಿಡಲಿಲ್ಲ. ಹೊಳೆಗೆ ಇಳಿಯುವ ಮುರುಕು ಮೆಟ್ಟಿಲು ಸಹ ಇತ್ತು.

“ಕುಂತ ಜಾಗಾನ ತಪ್ಪು ಹೇಳಿದವ, ಹೋಗೂ ಜಾಗಾ ಖರೇ ಹೇಳ್ತಾನೇನು?”

“ಹಂಗಾರ ಅತ್ತೀನ ಖಾತ್ರಿ,” ಎಂದ ಫಕೀರೇಶ.

“ಮತ್ತ್ಯಾಕ ಮಾರಿ ಸಣ್ಣ ಮಾಡೀದಿ?”

ಅವನು ಫೋನು ಎತ್ತಿಕೊಂಡ. ಮೂಲೆಯಲ್ಲಿ ಕೂತು ಸೆಟ್ಟಿಂಗ್ಸ್ ಒಳಗೆ ಹೊಕ್ಕ. ಒತ್ತಿದ, ತೆರೆದ, ಮುಚ್ಚಿದ, ಫೋನನ್ನೇ ಆರಿಸಿ ಮತ್ತೆ ಹಚ್ಚಿದ.

“ಏನು ಮಾಡಾಕತ್ತಿ?”

“ಅತ್ತಿಗ ಕನ್ನಡ ಕಲಿಸಾಕತ್ತೀನ್ರಿ.”

ನೀಲವ್ವನ ನಗು ಖಾಲಿ ಸ್ನಾನದ ಮನೆಯಲ್ಲಿ ಸುತ್ತು ಹಾಕಿ ಬಂತು. ಕಣ್ಣು ಒರೆಸಿಕೊಂಡು ಎದ್ದಳು. ಕಪಾಟಿನಿಂದ, ಹಳೆಯ ಗಿರಾಕಿಗಳಿಗಾಗಿ ಇಟ್ಟಿದ್ದ ಮೈಯುಜ್ಜುವ ಹಸಿರು ಒರಟು ಬಟ್ಟೆಯೊಂದನ್ನು ತಂದು ಅವನ ಕೈಗೆ ಹಾಕಿದಳು. ತೊಟ್ಟಿಯ ಮೇಲಿನ ಗೋಡೆಯಲ್ಲಿ, ಹೊಗೆ ಹಿಡಿದು ಕಪ್ಪಾದ ಒಂದು ಬರಹವಿತ್ತು. ಬಾಗಿಲುಗಳ ಮೇಲೂ ಅಂಥವೇ ಬೋರ್ಡು.

“ಅಕ್ಷರದ ಮೈ ತೊಳಿ.”

“ಅವ್ವಾರ, ಭಾನುವಾರ ಹತ್ರ ಬಂತು. ನಾನು ದಾರಿ ಹುಡಕೂದು ಬಿಟ್ಟು ಗ್ವಾಡಿ ತೊಳೀಲೇನ್ರಿ?”

“ತೊಳಿ.”

ತೊಳೆದ. ಮೊದಲು ಸಿಟ್ಟಿನಿಂದ, ಆಮೇಲೆ ಬೇಸರದಿಂದ. ಕೊಳೆ ಇಳಿದ ಹಾಗೆ ಅಕ್ಷರ ಬೆಳ್ಳಗೆ ಎದ್ದು ಬಂತು. ಒಂದು ಕೊಕ್ಕೆಯನ್ನು ಉಜ್ಜಿದ. ಪಕ್ಕದ ಕಡ್ಡಿ ಉಜ್ಜಿದ. ಅದೇ ಕೊಕ್ಕೆ ಇನ್ನೊಂದು ಕಡೆ, ಬೇರೆ ಕಡ್ಡಿಯ ಜೊತೆ. ಮತ್ತೊಂದು ಕಡೆ ಅದರ ಬುಡದಲ್ಲಿ ಸೊನ್ನೆ.

ಅವನ ಕೈ ನಿಂತಿತು.

“ಅವ್ವಾರ! ಇದು ಒಂದ ಗಂಟು ಅಲ್ರಿ. ಮೂಲ ಅಕ್ಷರ ಬ್ಯಾರೆ, ಗುಣಿತ ಬ್ಯಾರೆ. ಕೆಳಗ ಒತ್ತೂ ಐತಿ! ನಮ್ಮದರಂಗ ಐತ್ರಿ!”

“ಹೌದಾ?” ಎಂದಳು ನೀಲವ್ವ, ಇದೇ ಮೊದಲು ಕೇಳಿದವಳಂತೆ.

ಆಮೇಲೆ ಹೋಳಿಗೆ ಲಟ್ಟಿಸುವ ಕೋಲು ಎತ್ತಿಕೊಂಡು, ಗೋಡೆಯ ಒಂದೊಂದೇ ಅಕ್ಷರ ತೋರಿಸುತ್ತ, ಕನ್ನಡ ಶಾಲೆಯ ಒಂದನೇ ಇಯತ್ತೆಯ ರಾಗದಲ್ಲಿ ಶುರು ಮಾಡಿದಳು. ಅವಳು ಹೇಳಿದಳು, ಅವನು ಕೂಗಿದ. ಸ್ನಾನದ ಮನೆ ಇಬ್ಬರ ದನಿಯನ್ನೂ ದೊಡ್ಡದು ಮಾಡಿ ಓಣಿಗೆ ಕಳಿಸಿತು. ಇಬ್ಬರು ಮುದುಕರು ಕಿಟಕಿಯಲ್ಲಿ ಇಣುಕಿ, ಸ್ನಾನದ ಮನೆ ಮತ್ತೆ ಶುರುವಾಯಿತೆಂದು ಖುಷಿಯಾಗಿ ಹೋದರು.

ಗೋಡೆಯ ಸಾಲನ್ನು ಫಕೀರೇಶ ಕೂಡಿಸಿ ಕೂಡಿಸಿ ಓದಿದ. “ಓದಾಕ ಬಂತ್ರಿ. ಅರ್ಥ?”

“ಮೊದಲು ಮೈ ತೊಳಕೊಳ್ರಿ, ಆಮ್ಯಾಲ ತೊಟ್ಟಿಗೆ ಇಳೀರಿ ಅಂತ. ಬಂದಾಗಿಂದ ಇದರ ಬುಡಕ್ಕ ಕುಂತೀದಿ.”

ಮರುದಿನದಿಂದ ಅವನನ್ನು ಹಿಡಿಯುವವರಿಲ್ಲ. ಬೀದಿಯಲ್ಲಿ ಹೋಗುತ್ತ ಅಂಗಡಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದ. ಅರ್ಧಕ್ಕೆ ಅರ್ಥ ಗೊತ್ತಿಲ್ಲ, ಇನ್ನರ್ಧ ಓದಿದ ಕೂಡಲೇ ತಾನೇ ಬಾಯಿ ಬಿಟ್ಟಿತು. ಓಡಿ ಬಂದು ತೊಟ್ಟಿಯ ಅಂಚಿನಲ್ಲಿ ನಿಂತು ಕೂಗಿದ.

“ಅವ್ವಾರ, ದಿನಾ ನಾ ದಾಟಿ ಹೋಗೂ ಅಂಗಡಿ ಮ್ಯಾಲ ‘ಕೊಪಿ’ ಅಂತ ಬರದೈತ್ರಿ! ನಮ್ಮ ಕಾಪೀನ! ಬಾಜೂ ಅಂಗಡಿ ‘ಚಿಕಿನ್’!”

“ಊರು ಮಾತಾಡಾಕ ಸುರು ಮಾಡ್ತಲ್ಲ. ಇನ್ನ ಸುಮ್ನ ಕೂಡೂದಿಲ್ಲ ತಗೋ.”

ಒಂದು ಸಂಜೆ ಬೇಳೆ ಆರಿಸುತ್ತ ನೀಲವ್ವ ಕೇಳಿದಳು. “ನನ್ನ ಹತ್ರ ಬರೂಕಿಂತ ಮೊದಲು ಎಷ್ಟು ಮಂದಿ ಗುರುಗಳನ್ನ ಮಾಡಿದ್ದಿ?”

“ಭಾಳ ಮಂದಿ ರೀ.”

“ಯಾಕ ಬಿಟ್ಟಿ?”

ಫಕೀರೇಶ ನಾಚಿದ. “ಮೊದಲನೇ ದಿನಾನ ಎಲ್ಲಾರೂ, ನೀನು ಮುಟ್ಟಬೇಕಾದ ಜಾಗಾ ಮುಟ್ಟೀದಿಯಪಾ, ಅಂದುಬಿಟ್ರು.”

“ಅಲ್ಲೂ ಬಾತುಕೋಳಿ ಇದ್ದುವೇನು?”

ಅವನು ನಗುತ್ತ ಬೇಳೆಯ ಮೊರ ಎಳೆದುಕೊಂಡ.

ಭಾನುವಾರ ಬಂತು. ಹೋಳಿಗೆಯ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಫಕೀರೇಶ ಬಸ್ಸು ಹತ್ತಿದ. ಅತ್ತೆ ತನ್ನ ಭಾಷೆಯಲ್ಲಿ ಗೊಣಗುತ್ತಿದ್ದಳು. ಅವನು ಬೆರಳಿಟ್ಟು ನಿಲ್ದಾಣಗಳ ಹೆಸರು ಓದಿದ. ಪಕ್ಕದ ಸೀಟಿನ ಹೆಂಗಸು ಅವನ ಉಚ್ಚಾರ ತಿದ್ದಿದಳು. ಹಿಂದಿನವರು ಆ ಹೆಂಗಸನ್ನು ತಿದ್ದಿದರು. ಅವನು ಇಳಿಯುವ ಹೊತ್ತಿಗೆ ಅರ್ಧ ಬಸ್ಸು ಅವನಿಗೆ ಕೈ ಬೀಸಿತು.

ಇಳಿದು ನಡೆದ. ದಾರಿ ಒಂದು ಕಡೆ ಎರಡಾಗಿ ಒಡೆಯಿತು.

ಎಡಕ್ಕೆ, ಒಂದು ಗ್ಯಾರೇಜಿನ ಹಿಂಗೋಡೆಗೆ ಅಂಟಿಕೊಂಡ ಸಂದಿ. ಹಳೆಯ ಟೈರು, ಒಗೆದು ಹಾಕಿದ ಬಟ್ಟೆ, ಮಲಗಿದ ಬೆಕ್ಕು. ಬಲಕ್ಕೆ, ಅಗಲವಾದ ರಸ್ತೆ. ಎರಡೂ ಕಡೆ ಸಾಲುಮರ. ಅತ್ತೆ ಸಂದಿಯನ್ನೇ ತೋರಿಸಿದಳು. ಜೊತೆಗೆ ಏನೋ ಎರಡಕ್ಷರ.

ಊಟದ ಹೊತ್ತು ಸಮೀಪಿಸಿತ್ತು. ಎಂಬತ್ತು ವರ್ಷದ ಮುದುಕಿ ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದು ಅವನ ಕಣ್ಣಿಗೆ ಕಟ್ಟಿತು. ಧೈರ್ಯ ಸಾಲಲಿಲ್ಲ. ಒಂದೇ ಒಂದು ಸಲ ಎಂದು ಅಳಿಯನನ್ನು ತೆರೆದ.

“ದಯವಿಟ್ಟು ಬಲಕ್ಕೆ ತಿರುಗಿ,” ಎಂದ ಅಳಿಯ. ಎಂಥಾ ದನಿ! ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಬ್ಯಾಗು ಹಿಡಿದುಕೊಳ್ಳಲು ಬಂದ ಸೋದರಮಾವನ ದನಿ.

ಫಕೀರೇಶ ಬಲಕ್ಕೆ ತಿರುಗಿದ. ಮರದ ನೆರಳಿನಲ್ಲಿ ನಾಲ್ಕಾರು ಹೆಜ್ಜೆ ಹಾಕಿದ. ರಸ್ತೆಯ ತುದಿಯಲ್ಲಿ ಏನೋ ಫಳಫಳ ಹೊಳೆಯಿತು.

ನೀರು. ನೀರಿನ ಮೇಲೆ ಎರಡು ಬಾತುಕೋಳಿ.

ಅವನು ನಡುರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕ. ಅಳಿಯನನ್ನು ಅಲ್ಲೇ ಫೋನಿನಿಂದ ಬೀಳ್ಕೊಟ್ಟು ಹಿಂದಕ್ಕೆ ಓಡಿದ.

ಸಂದಿಯ ಬಾಯಲ್ಲಿ ನಿಂತು ಅತ್ತೆಯ ಎರಡಕ್ಷರವನ್ನು ನಿಧಾನವಾಗಿ ಕೂಡಿಸಿದ. ಹು. ಮುನ್. ಎಲ್ಲೋ ಕಂಡ ಅಕ್ಷರ. ಕಂಡದ್ದಲ್ಲ, ತೊಳೆದದ್ದು! ಕಟ್ಟಿಗೆ ಇಳಿಸುವ ಆ ಸಣ್ಣ ಬಾಗಿಲ ಮೇಲಿನ ಬೋರ್ಡನ್ನು ಉಜ್ಜಿ ಉಜ್ಜಿ ಅವನ ಬೆರಳು ಸುಕ್ಕಾಗಿದ್ದವು.

ಹಿಂಬಾಗಿಲು.

ಬೆಕ್ಕನ್ನು ದಾಟಿ, ಒದ್ದೆ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ನುಗ್ಗಿದ. ಸಂದಿ ತಿರುಗಿತು. ಕಬ್ಬಿಣದ ಸಣ್ಣ ಗೇಟು. ಗೇಟಿನಾಚೆ ದೊಡ್ಡ ವಠಾರದ ಕಟ್ಟಡ. ಅತ್ತೆ ತುಟಿ ಎರಡು ಮಾಡದೆ ಸುಮ್ಮನಾದಳು.

ಮೆಟ್ಟಿಲು ಹತ್ತುವಾಗಲೇ ಮೇಲೆ ಬಾಗಿಲು ತೆರೆಯಿತು. ಮಲ್ಸುನ್ ಅಜ್ಜಿ, ರೇಷ್ಮೆಯ ಉಡುಪಿನಲ್ಲಿ, ಗೋಡೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಉದ್ದಕ್ಕೂ ಮುಖಗಳು, ಎಲ್ಲ ಮುಖದಲ್ಲೂ ಹಸಿವು. ಹುಟ್ಟುಹಬ್ಬದ ಕಡಲಸೊಪ್ಪಿನ ಸಾರು ಆರಿ, ಮೇಲೆ ಎಣ್ಣೆ ಕೆನೆಗಟ್ಟಿತ್ತು.

ಅಜ್ಜಿ ಅವನನ್ನು ನೋಡಿದವಳೇ ಶುರು ಮಾಡಿದಳು. ಕೈ ಆಡಿಸಿ ಬೈದಳು, ಸಾರು ತೋರಿಸಿ ಬೈದಳು, ತನ್ನ ಹೊಟ್ಟೆ ತಟ್ಟಿ ಬೈದಳು. ಬೈಯುತ್ತಲೇ ಅವನ ಕೆನ್ನೆ ಎರಡೂ ಕೈಯಲ್ಲಿ ಹಿಡಿದು ಒಳಗೆಳೆದುಕೊಂಡಳು. ನಿಂತಲ್ಲೇ ಒಂದು ತುಂಡು ಹೋಳಿಗೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಆಮೇಲೆ ಊಟಕ್ಕೆ ಕೂತು ಚಮಚ ಎತ್ತಿದಳು.

ಇಡೀ ಮನೆ ಒಟ್ಟಿಗೆ ಚಮಚ ಎತ್ತಿತು.

ಸಂಜೆ ಫಕೀರೇಶ ಖಾಲಿ ಡಬ್ಬಿಯ ತುಂಬ ಅವರ ಮನೆಯ ಸಿಹಿಕಡುಬು ತುಂಬಿಸಿಕೊಂಡು ಬಂದ. ನೀಲವ್ವ ತೊಟ್ಟಿಯೊಳಗೆ ಚಾಪೆಯ ಮೇಲೆ ಕೂತಿದ್ದಳು.

“ತಲುಪಿದೆ ರೀ ಅವ್ವಾರ!”

“ಹೆಂಗ ಗೊತ್ತಾತು?”

“ಅಜ್ಜಿ ಬೈದ್ಲು ರೀ.”

“ಯಾವ ಭಾಷಾದಾಗ?”

“ತನ್ನ ಭಾಷಾದಾಗ.”

“ನಿನಗ ತಿಳೀತೇನು?”

“ಪೂರ್ತಿ ತಿಳೀತ್ರಿ!” ಎಂದು ಫಕೀರೇಶ ತೊಟ್ಟಿಗೆ ಇಳಿದು ಅವಳ ಮುಂದೆ ಡಬ್ಬಿ ಇಟ್ಟ.

ನೀಲವ್ವ ಒಂದು ಕಡುಬು ಎತ್ತಿ ಅವನಿಗೆ ಕೊಟ್ಟಳು, ಒಂದನ್ನು ತಾನು ತಿಂದಳು, ಕೈ ಝಾಡಿಸಿಕೊಂಡು ಚಾಪೆ ಸುತ್ತಿದಳು.

“ಛಲೋ ಆತು. ಇಷ್ಟು ದಿನ ನಾನೂ ಆ ಅಳಿಯನಂಗ ನಿನ್ನ ಭಾಷಾದಾಗ ಮಾತಾಡೀನಿ. ನಾಳೆಯಿಂದ ನನ್ನ ಭಾಷಾದಾಗ ಪಾಠ ಸುರು ಮಾಡೂಣು.”