ಸಾಹೇಬರು ಹಿಡಿದ ಬಾಗಿಲು

ಗುಮಾಸ್ತನ ಆರು ಭಾನುವಾರಗಳು ಇನಾಮದಾರ ಸಾಹೇಬರ ಮನೆಯ ನಲ್ಲಿ, ಫ್ಯಾನು, ಗೇಟಿನ ರಿಪೇರಿಗೇ ಹೋಗಿದ್ದವು. ಏಳನೆಯದಕ್ಕೆ ಕಾರಿನ ಬಾಗಿಲು ಬಂತು.

"ಗ್ಯಾರೇಜ್ ಯಾಕ್ರೀ? ಬರೇ ನಾಲ್ಕು ಬೋಲ್ಟು. ನೀವೇ ಬದಲಾಯಿಸ್ರಿ," ಎಂದರು ಸಾಹೇಬರು.

ಅವನು ಎಂದೂ ಆ ಕೆಲಸ ಮಾಡಿದವನಲ್ಲ. ಬೇಡವೆನ್ನುವ ತ್ರಾಣವೂ ಇರಲಿಲ್ಲ. ಹಳೆಯದನ್ನು ಬಿಚ್ಚಿದ. ಗುಜರಿಯಿಂದ ತಂದ ಬಾಗಿಲನ್ನು ತೂತಿಗೆ ತೂತು ಕೂಡಿಸಿ, ಹಾಗೇ ಎತ್ತಿ ಹಿಡಿಯಲು ಸಾಹೇಬರ ಕೈಗೆ ಕೊಟ್ಟ.

"ಅಲುಗಾಡಿಸಬ್ಯಾಡ್ರೀ. ಸೊಟ್ಟಾದ್ರೆ ಮುಚ್ಚೂದಿಲ್ಲ."

ಆಮೇಲೆ ಒಂದೊಂದೇ ಬೋಲ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ಒರೆಸತೊಡಗಿದ.

"ಲಗೂನ ಮಾಡ್ರೀ," ಎಂದ ಸಾಹೇಬರು ಭಾರಕ್ಕೆ ಜಾರುತ್ತಿದ್ದ ಬಾಗಿಲಿಗೆ ಮೊಣಕಾಲು ಆನಿಸಿದರು.

"ಮೊದಲನೇ ಸಲ ನೋಡ್ರಿ, ಸಾಹೇಬ್ರ. ಮುಂದಿನ ಭಾನುವಾರದೊಳಗ ಕೈ ಪಳಗ್ತದ. ಉಳಿದ ಮೂರು ಬಾಗಿಲನ್ನೂ ಬಿಚ್ಚಿ ಎಣ್ಣೆ ಹಚ್ಚೋಣ. ತಾವು ಹಿಡಕೊಂಡ್ರ ಸಾಕು."

ಸಾಹೇಬರು ಏದುಸಿರು ಬಿಟ್ಟರು. "ಇನ್ನ ಭಾನುವಾರ ಮನಿಯಾಗ ಮಲಕೋರಿ ಮಾರಾಯ್ರ."

ಮೂರೇ ನಿಮಿಷದಲ್ಲಿ ನಾಲ್ಕೂ ಬೋಲ್ಟುಗಳು ಬಿಗಿಯಾದವು.